ಖರ್ಚಿನ ಲೆಕ್ಕ ಕೇಳೋ ಸರ್ಕಾರಿ ಸರ್ವೆ: ಶಿರಸಿಯ ಉಪ್ಪಿನಕಾಯಿ ಅಂಗಡಿಯಿಂದ ಒಂದು ರಿವ್ಯೂ

ಹೋಟೆಲಿಗೆ, ಮಿಕ್ಸರ್‌ಗೆ ಎಲ್ಲರೂ ರಿವ್ಯೂ ಬರೀತಾರೆ. ನಾನು ಸರ್ವೆಗೆ ಬರೀತಿದ್ದೇನೆ. ಬಂದವರಿಗೆ ಐದಕ್ಕೆ ಐದು, ಪ್ರಶ್ನೆಗಳಿಗೆ ಮೂರೂವರೆ.

ಶಿರಸಿಯಲ್ಲಿ ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರ. ಹಿತ್ತಲಿನ ಕೋಣೆಯಲ್ಲಿ ಮಾಡ್ತೇವೆ, ಜಗಲಿಯಲ್ಲಿ ಮಾರ್ತೇವೆ. ನಾನು, ಅತ್ತೆ, ಜೊತೆಗೆ ಸಂಬಳಕ್ಕೆ ಒಬ್ಬಳು. ಕಂಪನಿ ಅಂತ ನೋಂದಣಿ ಆಗದ ಇಂಥ ಸಣ್ಣ ಉದ್ಯೋಗಗಳ ಲೆಕ್ಕ ಹಿಡಿಯಲು ಕೇಂದ್ರದ ರಾಷ್ಟ್ರೀಯ ಅಂಕಿಅಂಶ ಕಚೇರಿ ನಡೆಸುವ ಸರ್ವೆ ಇದು. ಹೆಸರು ಆನ್ಯುಯಲ್ ಸರ್ವೆ ಆಫ್ ಅನ್‌ಇನ್‌ಕಾರ್ಪೊರೇಟೆಡ್ ಸೆಕ್ಟರ್ ಎಂಟರ್‌ಪ್ರೈಸಸ್, ಚಿಕ್ಕದಾಗಿ ಎಎಸ್‌ಯುಎಸ್‌ಇ. 2023-24ರ ಸರ್ವೆ ಪ್ರಕಾರ ದೇಶದಲ್ಲಿ ಇಂಥವು 7.34 ಕೋಟಿ ಇದ್ದವು, ದುಡಿಯುವವರು 12 ಕೋಟಿಗೂ ಜಾಸ್ತಿ ಇದ್ದರು. ಕೃಷಿ ಮತ್ತು ಕಟ್ಟಡ ಕೆಲಸ ಇದರಲ್ಲಿ ಸೇರಿಲ್ಲ.

ಬಂದವರು ಮೊದಲು ಗುರುತಿನ ಚೀಟಿ ತೋರಿಸಿದರು. "ಇದು ಟ್ಯಾಕ್ಸ್‌ನವರ ಕೈಗೆ ಹೋಗತ್ತಾ?" ಅಂತ ಕೇಳಿಯೇಬಿಟ್ಟೆ. 2008ರ ಅಂಕಿಅಂಶ ಸಂಗ್ರಹ ಕಾಯ್ದೆಯ ಪ್ರಕಾರ ನಾವು ಕೊಟ್ಟ ಮಾಹಿತಿ ಅಂಕಿಅಂಶದ ಕೆಲಸಕ್ಕೆ ಮಾತ್ರ ಅಂತ ಸಮಾಧಾನವಾಗಿ ವಿವರಿಸಿದರು. ಪಕ್ಕದ ಅಂಗಡಿಯವರು "ಮಾರಾಟ ಅರ್ಧ ಹೇಳು" ಅಂತ ಮೊದಲೇ ಕಿವಿ ಊದಿದ್ದರು. ಅರ್ಧ ಮಾರಾಟ ಹೇಳಿ ಖರ್ಚು ಮಾತ್ರ ಪೂರ್ತಿ ಹೇಳಿದರೆ ನಾವು ಇಷ್ಟು ವರ್ಷ ನಷ್ಟದಲ್ಲೇ ಅಂಗಡಿ ನಡೆಸಿದ ಹಾಗಾಗತ್ತೆ, ಅಲ್ವಾ?

ಆಮೇಲೆ ಟ್ಯಾಬ್ಲೆಟ್ ತೆಗೆದು ಖರ್ಚಿಗೆ ಬಂದರು. ತಿಂಗಳಲ್ಲಿ ಮಿಡಿ ಎಷ್ಟು ಬಳಸಿದಿರಿ? ತಂದಿದ್ದಲ್ಲ, ಬಳಸಿದ್ದು. ಕಷ್ಟ ಇರೋದು ಇಲ್ಲೇ. ನಮ್ಮಲ್ಲಿ ಮಿಡಿ ತರೋದು ಬೇಸಿಗೆಯಲ್ಲಿ ಒಂದೇ ಸಲ, ಅದೂ ನೂರರ ಲೆಕ್ಕದಲ್ಲಿ. ಉಪ್ಪುನೀರಿನ ಡ್ರಮ್ಮಿನಲ್ಲಿ ಹಾಕಿಟ್ಟು, ಬೇಕಾದ ಹಾಗೆ ತೆಗೆದು ಖಾರ ಕಲಸ್ತೇವೆ. ಅವರು ಹಿತ್ತಲಿಗೇ ಬಂದು ನೋಡಿದರು. ಡ್ರಮ್ಮಿನಲ್ಲಿ ತಿಂಗಳ ಶುರುವಿಗೆ ಎಲ್ಲಿವರೆಗೆ ಇತ್ತು, ಈಗ ಎಲ್ಲಿದೆ ಅಂತ ನಾನು ಬೆರಳಿಟ್ಟು ತೋರಿಸಿದೆ. ಅದನ್ನು ಬಾಟಲಿಗಳ ಲೆಕ್ಕದ ಜೊತೆ ತಾಳೆ ನೋಡಿ ಮೊತ್ತಕ್ಕೆ ಬಂದೆವು. ಆ ತಾಳ್ಮೆಗೇ ನಾನು ಐದು ಅಂಕ ಕೊಟ್ಟಿದ್ದು.

ಕರೆಂಟಿನದು ಇನ್ನೊಂದು ತಲೆನೋವು. ಮನೆಗೂ ಅಂಗಡಿಗೂ ಒಂದೇ ಮೀಟರು. ಮಸಾಲೆ ಅರೆಯುವ ಮೋಟರು ಎಷ್ಟು ಹೊತ್ತು ಓಡತ್ತೆ, ಫ್ರಿಡ್ಜಿನಲ್ಲಿ ಅಂಗಡಿ ಸಾಮಾನು ಎಷ್ಟು, ಎಲ್ಲ ಕೇಳಿ ಬಿಲ್ಲನ್ನು ಭಾಗ ಮಾಡಿಸಿದರು. ಮೊಬೈಲ್ ರೀಚಾರ್ಜಿಗೂ ಅದೇ ಕಥೆ. ಬಾಟಲಿ, ಮುಚ್ಚಳ, ಲೇಬಲ್ಲು, ಹುಬ್ಬಳ್ಳಿಗೆ ಹೋಗುವ ಪಾರ್ಸಲ್ ಬಾಡಿಗೆ, ಲೈಸೆನ್ಸ್ ಫೀ ಎಲ್ಲ ಬಂತು. ಹಿತ್ತಲಿನ ಮರದ ನಿಂಬೆಕಾಯಿಗೆ ನಾವು ದುಡ್ಡೇ ಕೊಟ್ಟಿಲ್ಲ, ಆದರೂ ಪೇಟೆ ಬೆಲೆ ಹಾಕಿದರು. ಅದು ಸರಿ ಅನ್ನಿಸಿತು.

ಹೊಸದಾಗಿ ತಂದ ಸೀಲಿಂಗ್ ಮಷಿನ್ನು ಈ ಖರ್ಚಿಗೆ ಸೇರಲ್ಲ, ಅದು ಆಸ್ತಿಯ ಕಡೆಗೆ. ಸಂಬಳ ಮತ್ತು ಸಾಲದ ಬಡ್ಡಿಯನ್ನೂ ಬೇರೆಯಾಗೇ ಕೇಳ್ತಾರೆ. ಯಾಕೆ ಅಂದರೆ, ಮಾರಾಟದಿಂದ ಸಾಮಾನು, ಕರೆಂಟು, ಸಾಗಾಟದ ಖರ್ಚು ಕಳೆದು ಉಳಿಯೋದೇ ನಮ್ಮ ಅಂಗಡಿ ದೇಶದ ಲೆಕ್ಕಕ್ಕೆ ಸೇರಿಸಿದ ಮೌಲ್ಯ. ಸಂಬಳ, ಬಡ್ಡಿ, ನಮ್ಮ ಲಾಭ ಎಲ್ಲ ಅದರೊಳಗಿನ ಪಾಲು. ಅತ್ತೆಯನ್ನು ದುಡಿಯುವವರ ಪಟ್ಟಿಯಲ್ಲಿ ಬರೆದುಕೊಂಡರು, ಸಂಬಳದ ಜಾಗದಲ್ಲಿ ಏನೂ ಇಲ್ಲ. "ನಾಲ್ಕು ದಶಕದ ಕೆಲಸಕ್ಕೆ ಬರೀ ಹೆಸರಾ?" ಅಂತ ಅತ್ತೆ ಒಳಗಿನಿಂದಲೇ ಕೇಳಿದರು. ಪಾಪ, ಸರ್ವೆಯವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಒಂದೂವರೆ ಅಂಕ ಕಳೆದದ್ದು ಈ ಒಂದು ತಿಂಗಳ ಲೆಕ್ಕಕ್ಕೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ತಿಂಗಳು ಕೇಳಿದ್ದರೆ ನಾವು ಸಾಹುಕಾರರು. ಜೋರು ಮಳೆಯ ಆಷಾಢದಲ್ಲಿ ಕೇಳಿದರೆ ಅಂಗಡಿ ಮುಚ್ಚೋದೇ ವಾಸಿ ಅನ್ನಬೇಕು. ಸರ್ವೆ ವರ್ಷಪೂರ್ತಿ ಬೇರೆ ಬೇರೆ ಕಡೆ ನಡೆಯೋದರಿಂದ ದೇಶದ ಒಟ್ಟು ಲೆಕ್ಕದಲ್ಲಿ ಏರಿಳಿತ ಸರಿಹೋಗತ್ತೆ ಅಂತ ಅವರು ಹೇಳಿದರು. ಒಪ್ಪಿದೆ. ಆದರೆ ಮಿಡಿ, ಕೋಕಂ, ಹಲಸಿನ ಹಪ್ಪಳ ಅಂತ ಸೀಸನ್ನಿನ ಮೇಲೆ ಬದುಕುವ ನಮ್ಮ ಜಿಲ್ಲೆಯವರಿಗೆ "ವರ್ಷದಲ್ಲಿ ಯಾವ ತಿಂಗಳು ಜಾಸ್ತಿ ಖರ್ಚು?" ಅಂತ ಒಂದು ಪ್ರಶ್ನೆ ಎಲ್ಲಕ್ಕಿಂತ ಮೊದಲು ಕೇಳಿದರೆ ಏನು ಹೋಗತ್ತೆ?

ನಿಮ್ಮ ಅಂಗಡಿಗೂ ಬಂದರೆ ಕರೆಂಟ್ ಬಿಲ್ಲು, ಸಾಮಾನಿನ ಚೀಟಿ, ಪಾರ್ಸಲ್ ರಸೀದಿ ಒಂದು ಕವರಿಗೆ ಹಾಕಿಟ್ಟುಕೊಳ್ಳಿ. ಬೆಳಿಗ್ಗೆ ಗಿರಾಕಿ ಜಾಸ್ತಿ ಇದ್ದರೆ ಮಧ್ಯಾಹ್ನ ಬನ್ನಿ ಅಂತ ಹೇಳಿ, ನಮಗೆ ಹಾಗೇ ಬಂದರು.