ಕಾಲಿನ ರಕ್ತನಾಳದ ಕಾಯಿಲೆ: ರಕ್ತಪರೀಕ್ಷೆ, ಕಣಕಾಲಿನ ಬಿಪಿ ಎರಡನ್ನೂ ಮಾಡಿಸಿಕೊಂಡ ಮೇಲೆ

ಲಾಲ್‌ಬಾಗ್‌ನ ಬಂಡೆ ಹತ್ತುವಾಗ ಅರ್ಧಕ್ಕೆ ಬರುವಷ್ಟರಲ್ಲಿ ಎಡ ಮೀನಖಂಡ ಹಿಡಿದುಕೊಳ್ಳುವುದು, ಎರಡು ನಿಮಿಷ ನಿಂತರೆ ಬಿಡುವುದು, ಮತ್ತೆ ಅಷ್ಟೇ ದೂರ ನಡೆದರೆ ಅದೇ ಜಾಗದಲ್ಲಿ ಹಿಡಿಯುವುದು, ಇದು ಕಳೆದ ಮಳೆಗಾಲದ ನಂತರ ನನಗೆ ಶುರುವಾಯಿತು. ನನಗೀಗ 58 ವರ್ಷ. 22 ವರ್ಷ ಸಿಗರೇಟು ಸೇದಿ, ಬಿಟ್ಟು ಒಂಬತ್ತು ವರ್ಷವಾಗಿದೆ. ಕಾಲಿನ ಅಪಧಮನಿಗಳು ಕಟ್ಟಿಕೊಳ್ಳುತ್ತಿರಬಹುದೆಂಬ ಅನುಮಾನ ಬಂದಾಗ ನೇರವಾಗಿ ವೈದ್ಯರ ಬಳಿ ಹೋಗದೆ ಮೊದಲು ಲ್ಯಾಬಿಗೆ ಹೋದದ್ದು ನನ್ನದೇ ತಪ್ಪು. ಆದರೆ ಆ ತಪ್ಪಿನಿಂದಾಗಿ ಮೂರು ಬಗೆಯ ಪರೀಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವಂತಾಯಿತು.

ಮೊದಲನೆಯದು ಎಲ್ಲರೂ ಮಾಡಿಸುವ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಅಳತೆ) ಮತ್ತು ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ). ಒಟ್ಟು ಕೊಲೆಸ್ಟ್ರಾಲ್ 198 ಇತ್ತು. 200ರ ಒಳಗಿದೆಯಲ್ಲ ಎಂದು ವರದಿಯನ್ನು ಮಡಚಿಟ್ಟೆ. ಅದರ ಕೆಳಗೇ 'ಒಳ್ಳೆಯ' ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 33 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ಎಂದರೆ ಎರಡರ ಅನುಪಾತ 6. ಅಮೆರಿಕದ 14,916 ಪುರುಷ ವೈದ್ಯರನ್ನು ಸುಮಾರು ಒಂಬತ್ತು ವರ್ಷ ಗಮನಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂದೆ ಈ ಕಾಯಿಲೆ ಬರುವುದನ್ನು ಸೂಚಿಸಿದ ಕೊಬ್ಬಿನ ಅಳತೆಗಳ ಪೈಕಿ ಎಲ್ಲಕ್ಕಿಂತ ಬಲವಾಗಿದ್ದದ್ದು ಇದೇ ಹಳೆಯ ಅನುಪಾತ. ಕೊಬ್ಬಿಗೆ ಸಂಬಂಧಿಸದವುಗಳಲ್ಲಿ ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಎಂಬ ಪ್ರೋಟೀನ್. ಎಚ್‌ಬಿಎ1ಸಿ 6.1 ಬಂದಿತ್ತು, ಸಕ್ಕರೆ ಕಾಯಿಲೆಯ ಹೊಸ್ತಿಲು.

ಎರಡನೆಯದು, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವವರ 'ಅಡ್ವಾನ್ಸ್ಡ್' ಪ್ಯಾಕೇಜು. ಇದರ ದರ ಮೊದಲಿನದರ ನಾಲ್ಕರಷ್ಟಿತ್ತು. ಹೈ-ಸೆನ್ಸಿಟಿವಿಟಿ ಸಿಆರ್‌ಪಿ 7.2 ಎಂದು ಬಂದಾಗ, 3ಕ್ಕಿಂತ ಹೆಚ್ಚಾದರೆ ಅಪಾಯ ಎಂಬ ಕೆಂಪು ಪಟ್ಟಿ ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ. ರಕ್ತ ಕೊಟ್ಟ ವಾರ ನನಗೆ ನೆಗಡಿ, ಗಂಟಲುನೋವು ಇದ್ದುದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸಿಆರ್‌ಪಿ ದೇಹದಲ್ಲಿ ಎಲ್ಲಿ ಉರಿಯೂತವಿದ್ದರೂ ಏರುತ್ತದೆ. ಅದಕ್ಕೆ ಕಾಲಿನ ನಾಳವೂ ಒಂದೇ, ಗಂಟಲೂ ಒಂದೇ. ಮೂರು ವಾರ ಬಿಟ್ಟು ಮತ್ತೆ ಮಾಡಿಸಿದಾಗ 1.8ಕ್ಕೆ ಇಳಿದಿತ್ತು. ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ 24ಕ್ಕೆ ಏರಿದ್ದಕ್ಕೆ ಕಾರಣ ಬಿ12 ಕೊರತೆ, ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಅಪರೂಪವೇನಲ್ಲ. ಮಾತ್ರೆಯಿಂದ ಅದು ಇಳಿಯುತ್ತದೆ, ಆದರೆ ಹಾಗೆ ಇಳಿಸಿದ ಮಾತ್ರಕ್ಕೆ ಹೃದಯಾಘಾತ ಕಡಿಮೆಯಾಗುವುದಿಲ್ಲವೆಂದು ದೊಡ್ಡ ಪ್ರಯೋಗಗಳು ತೋರಿಸಿವೆ. ಪ್ಯಾಕೇಜಿನಲ್ಲಿ ಕೊಟ್ಟ ಹಣಕ್ಕೆ ಬೆಲೆ ತಂದದ್ದು ಕೊಲೆಸ್ಟ್ರಾಲ್ ಹೊತ್ತೊಯ್ಯುವ ಲಿಪೊಪ್ರೋಟೀನ್ (ಎ) ಎಂಬ ಕಣದ ಅಳತೆ ಒಂದೇ: ಡೆಸಿಲೀಟರಿಗೆ 62 ಮಿಲಿಗ್ರಾಂ. 50 ದಾಟಿದರೆ ಹೆಚ್ಚು. ಇದು ಹೆಚ್ಚುಕಡಿಮೆ ಹುಟ್ಟಿನಿಂದಲೇ ಬರುವಂಥದ್ದು, ಊಟ ಬದಲಿಸಿದರೆ ಇಳಿಯುವುದಿಲ್ಲ, ಆದ್ದರಿಂದ ಜೀವಮಾನದಲ್ಲಿ ಒಮ್ಮೆ ನೋಡಿಸಿದರೆ ಸಾಕು. ಅಪ್ಪನ ಕಾಲಿನ ಬೆರಳು ತೆಗೆದದ್ದು ಆಗ ನೆನಪಾಯಿತು.

ಮೂರನೆಯದಕ್ಕೆ ಸೂಜಿಯೇ ಇರಲಿಲ್ಲ. ಜಯನಗರದ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷ ಅಂಗಾತ ಮಲಗಿಸಿ, ಎರಡೂ ತೋಳಿಗೆ, ಆಮೇಲೆ ಎರಡೂ ಕಣಕಾಲಿಗೆ ಬಿಪಿ ಪಟ್ಟಿ ಕಟ್ಟಿದರು. ಪಾದದ ಮೇಲೆ ತಣ್ಣನೆಯ ಜೆಲ್ ಹಚ್ಚಿ ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಪೆನ್ನಿನಂಥ ಡಾಪ್ಲರ್ ಇಟ್ಟಾಗ ಬಲಗಾಲಿನಿಂದ ಛಟ್ ಛಟ್ ಎಂದು ಚಾಟಿಯಂತೆ ಸದ್ದು ಬಂತು; ಎಡಗಾಲಿನಲ್ಲಿ ಹುಡುಕಿ ಹುಡುಕಿ ಸಿಕ್ಕಿದ್ದು ಗಾಳಿ ಬೀಸಿದಂಥ ಮೆತ್ತನೆಯ ಸದ್ದು. ತೋಳಿನಲ್ಲಿ 140, ಬಲ ಕಣಕಾಲಿನಲ್ಲಿ 142, ಎಡದಲ್ಲಿ 118. ಕಣಕಾಲಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದರೆ ಎಡಕ್ಕೆ 0.84. 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಇದೆ ಎಂದೇ ಲೆಕ್ಕ. ರಕ್ತದ ಅಷ್ಟೂ ಅಂಕಿಗಳಿಂದ ತಿಳಿದದ್ದು ನನಗೆ ಏನಾಗಬಹುದು ಎಂಬುದು ಮಾತ್ರ. ಯಾವ ಕಾಲಿನಲ್ಲಿ, ಎಷ್ಟು ಎಂಬುದು ಅರ್ಧ ಗಂಟೆಯಲ್ಲಿ ಇಲ್ಲಿ ಗೊತ್ತಾಯಿತು.

ಹಾಗೆಂದು ಇದೂ ಎಲ್ಲರಿಗೂ ಒಂದೇ ಸಮ ನಿಜ ಹೇಳುವುದಿಲ್ಲ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ನಮ್ಮ ಅತ್ತೆಯವರಿಗೆ ಮಾಡಿಸಿದಾಗ 1.48 ಬಂತು. ನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟಿ ಗಟ್ಟಿಯಾದಾಗ ಪಟ್ಟಿ ಎಷ್ಟು ಬಿಗಿದರೂ ಅವು ಅಮುಕುವುದಿಲ್ಲ, ಅಂಕಿ ಸುಳ್ಳೇ ಮೇಲೇರುತ್ತದೆ. ಆದ್ದರಿಂದ 1.40 ಮೀರಿದವರಿಗೆ ಕಾಲಿನ ಹೆಬ್ಬೆರಳಿನ ಒತ್ತಡ ನೋಡುತ್ತಾರೆ. ಅಂಥವರಿಗೆ ಎಚ್‌ಬಿಎ1ಸಿಯನ್ನು ಬಿಟ್ಟು ಮಾತಾಡುವಂತಿಲ್ಲ, ಅದು ಒಂದು ಅಂಕ (6ರಿಂದ 7ಕ್ಕೆ ಎಂಬಂತೆ) ಏರಿದರೆ ಈ ಕಾಯಿಲೆಯ ಅಪಾಯ ಶೇ. 28ರಷ್ಟು ಏರುವುದನ್ನು ಬ್ರಿಟನ್ನಿನ ದೀರ್ಘ ಅಧ್ಯಯನವೊಂದು ಗುರುತಿಸಿದೆ.

ಈಗ ವೈದ್ಯರ ಸಲಹೆಯಂತೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತೇನೆ, ನೋವು ಬರುವ ತನಕ ನಡೆದು, ನಿಂತು, ಮತ್ತೆ ನಡೆಯುತ್ತೇನೆ. ಸಿಆರ್‌ಪಿ ಮತ್ತೆ ಬೇಡವೆಂದಿದ್ದಾರೆ. ಮೈಸೂರಿನಲ್ಲಿರುವ ತಮ್ಮನಿಗೆ ಲಿಪೊಪ್ರೋಟೀನ್ (ಎ) ಮಾಡಿಸಲು ಹೇಳಿದ್ದೆ, 71 ಬಂದಿದೆ. ಅವನು ಇನ್ನೂ ಸಿಗರೇಟು ಬಿಟ್ಟಿಲ್ಲ, ಬರುವ ತಿಂಗಳು ಇಲ್ಲಿಗೆ ಬಂದಾಗ ಕಣಕಾಲಿಗೆ ಪಟ್ಟಿ ಕಟ್ಟಿಸಬೇಕು.