ಪದ ಸೋಸುವ ತಂತ್ರಾಂಶವೋ, ಓದಿ ನಿರ್ಧರಿಸುವ ಮನುಷ್ಯರೋ: ಮುಂಬೈಯ ಕನ್ನಡ ಚರ್ಚಾಕೂಟದ ಅನುಭವ

ಮೊದಲೇ ಹೇಳಿಬಿಡುತ್ತೇನೆ: ಕನ್ನಡದಲ್ಲಿ ನಡೆಯುವ ಆನ್‌ಲೈನ್ ಚರ್ಚೆಗೆ ಕಾವಲು ಬೇಕಿದ್ದರೆ ಹಣ ಕೊಟ್ಟು ಬೈಗುಳದ ಫಿಲ್ಟರ್ ಕೊಳ್ಳಬೇಡಿ. ಸಹನೆಯಿಂದ ಓದಬಲ್ಲ ಮೂವರನ್ನು ಹುಡುಕಿ. ಡೊಂಬಿವಲಿ, ಮುಲುಂಡ್, ಮಾಟುಂಗ, ಮೀರಾ ರೋಡ್ ಕಡೆಯ ಕನ್ನಡಿಗರು ಸೇರುವ ನಮ್ಮ ಚರ್ಚಾಕೂಟದಲ್ಲಿ ನಾಲ್ಕು ವ್ಯವಸ್ಥೆಗಳನ್ನು ಬಳಸಿ ನೋಡಿದ್ದೇವೆ: ವಾಟ್ಸ್‌ಆ್ಯಪ್ ಗುಂಪು, ಪದಪಟ್ಟಿಯ ಫಿಲ್ಟರ್, ಬರಹಕ್ಕೆ ಯಂತ್ರವೇ ಅಂಕ ಕೊಡುವ ಸೇವೆ, ಸದಸ್ಯರ ದೂರು ಬಂದಾಗ ಮಾಡರೇಟರುಗಳು, ಅಂದರೆ ಚರ್ಚೆಯ ಮೇಲ್ವಿಚಾರಕರು, ಓದಿ ತೀರ್ಮಾನಿಸುವ ಪದ್ಧತಿ. ಎರಡನೆಯದಕ್ಕೆ ಇಡೀ ವರ್ಷದ ಚಂದಾ ಕಟ್ಟಿದ್ದೆವು. ಆ ಹಣದಲ್ಲಿ ರಾಜ್ಯೋತ್ಸವಕ್ಕೆ ಸಭಾಂಗಣದ ಬಾಡಿಗೆ ತೀರುತ್ತಿತ್ತು. ಇಷ್ಟು ವಿವರವಾಗಿ ಬರೆಯಲು ಅದೇ ಕಾರಣ.

ವಾಟ್ಸ್‌ಆ್ಯಪ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಗುಂಪಿನ ಅಡ್ಮಿನ್‌ಗೆ ಪದ ಸೋಸುವ ಸೌಲಭ್ಯವೇ ಇಲ್ಲ. 2022ರಿಂದ ಬೇರೆಯವರ ಸಂದೇಶವನ್ನು ಎಲ್ಲರ ಮೊಬೈಲಿನಿಂದಲೂ ಅಳಿಸುವ ಅಧಿಕಾರ ಬಂದಿದೆ, ಆದರೆ ಅಷ್ಟರಲ್ಲಿ ಓದಿ ನೊಂದುಕೊಳ್ಳಬೇಕಾದವರು ನೊಂದುಕೊಂಡಿರುತ್ತಾರೆ. ಅಡ್ಮಿನ್ ಆದರೆ ಪೊಲೀಸ್ ಠಾಣೆ ಹತ್ತಬೇಕಾದೀತು ಎಂಬ ಭಯ ನಮ್ಮಲ್ಲಿ ಅನೇಕರಿಗಿದೆ, ಅದಕ್ಕೆ ಕಾರಣವೂ ಇದೆ. 2012ರಲ್ಲಿ ಇಲ್ಲೇ ಪಾಲ್ಘರ್‌ನಲ್ಲಿ ಮುಂಬೈ ಬಂದ್ ಕುರಿತ ಫೇಸ್‌ಬುಕ್ ಬರಹಕ್ಕಾಗಿ ಇಬ್ಬರು ಯುವತಿಯರನ್ನು ಬಂಧಿಸಿದ್ದರು. ಅಂಥ ಬಂಧನಗಳಿಗೆ ಆಸರೆಯಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಮಾಡಿತು. ಗುಂಪಿನ ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ಅಡ್ಮಿನ್‌ಗೂ ಅದೇ ಉದ್ದೇಶವಿತ್ತೆಂದು ತೋರದ ಹೊರತು, ಅವನನ್ನು ಹೊಣೆಯಾಗಿಸಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. ನಾವು ವಾಟ್ಸ್‌ಆ್ಯಪ್ ಬಿಟ್ಟಿದ್ದು ಭಯದಿಂದಲ್ಲ. ಒಂದು ವಿಷಯದ ಮೇಲೆ ಕ್ರಮವಾಗಿ ನಡೆದ ಚರ್ಚೆ ಮರುದಿನ ಶುಭೋದಯದ ಚಿತ್ರಗಳ ಅಡಿಯಲ್ಲಿ ಕಳೆದುಹೋಗುತ್ತಿತ್ತು.

ಇನ್ನು ಕೊಂಡ ಫಿಲ್ಟರ್. ಭಾರತೀಯ ಭಾಷೆಗಳೆಲ್ಲ ಒಳಗೊಂಡಿವೆ ಎಂದು ಮಾರಿದವರು ಭರವಸೆ ಕೊಟ್ಟಿದ್ದರು. ಅದನ್ನು ಅಳವಡಿಸಿದ ಮೇಲೆ ಮೊದಲು ತಡೆಹಿಡಿಯಲಾದದ್ದು ಯಾವ ಜಗಳದ ಮಾತೂ ಅಲ್ಲ. ನಮ್ಮ ಬಳಗದ ಹಿರಿಯರೊಬ್ಬರು ಹಾಕಿದ ಆಹ್ವಾನ: ‘ಕಾರ್ತಿಕ ಮಾಸದ ಸಾಂಸ್ಕೃತಿಕ ಸಂಜೆಗೆ ಎಲ್ಲರೂ ಬನ್ನಿ.’ ನಿವೃತ್ತ ಶಿಕ್ಷಕಿಯಾದ ಅವರಿಗೆ ‘ನಿಮ್ಮ ಬರಹದಲ್ಲಿ ಅಸಭ್ಯ ಭಾಷೆ ಇದೆ’ ಎಂಬ ಎಚ್ಚರಿಕೆ ಹೋಯಿತು. ಅವರು ಪದಗಳನ್ನು ಬದಲಿಸಿ ‘ನೈತಿಕ’ ಎಂದೇನೋ ಬರೆದರು. ಮತ್ತೆ ಅದೇ ಎಚ್ಚರಿಕೆ. ಬಹಳ ಕಾಲ ಅವರು ಕೂಟದ ಕಡೆ ಬರಲಿಲ್ಲ.

ಏನಾಯಿತೆಂದು ಹುಡುಕಿದಾಗ ಕಾರಣ ಸಿಕ್ಕಿತು. ದೇಹದ ಹಿಂಭಾಗವನ್ನು ಹೇಳುವ ಎರಡಕ್ಷರದ ಒರಟು ಪದವೊಂದು ಪಟ್ಟಿಯಲ್ಲಿತ್ತು. ಸಾಂಸ್ಕೃತಿಕ, ನೈತಿಕ, ಭೌತಿಕ, ಎಲ್ಲವೂ ಆ ಎರಡಕ್ಷರಗಳಲ್ಲೇ ಮುಗಿಯುತ್ತವೆ. ಕಾರ್ತಿಕದ ಕಥೆ ಇನ್ನೂ ಸೂಕ್ಷ್ಮ. ತೆರೆಯ ಮೇಲೆ ಅರ್ಕಾವತ್ತು ‘ತಿ’ಯ ನಂತರ ಕಾಣುತ್ತದೆ, ಆದರೆ ಯೂನಿಕೋಡಿನಲ್ಲಿ (ಕಂಪ್ಯೂಟರು ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಉಳಿಸುವ ಪದ್ಧತಿಯಲ್ಲಿ) ರಕಾರವನ್ನು ಮೊದಲೇ ಉಳಿಸಿಕೊಂಡು ತಕಾರವನ್ನು ಅದರ ಮುಂದೆ ಇಡುತ್ತಾರೆ. ಕಣ್ಣಿಗೆ ಬೇರೆಯಾಗಿ ಕಂಡರೂ ಯಂತ್ರಕ್ಕೆ ಅಲ್ಲಿಯೂ ಅದೇ ಎರಡಕ್ಷರ ಸಿಗುತ್ತದೆ. ಕನ್ನಡ ಸಂಘವೊಂದರ ಪ್ರಕಟಣೆ ‘ಸಾಂಸ್ಕೃತಿಕ’ ಎಂಬ ಪದವಿಲ್ಲದೆ ಹೊರಬೀಳುವುದುಂಟೇ?

ಈ ತೊಂದರೆ ಹಳೆಯದು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರು ಎಒಎಲ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲಾಗದೆ ಒದ್ದಾಡಿದರು, ಊರಿನ ಹೆಸರಿನ ನಡುವೆ ಒಂದು ಅಶ್ಲೀಲ ಪದದ ಅಕ್ಷರಗಳು ಕುಳಿತಿದ್ದವು. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಮದ್ದಿದೆ: ಅಕ್ಷರಗಳನ್ನು ಎಲ್ಲೆಂದರಲ್ಲಿ ಹುಡುಕದೆ ಇಡೀ ಪದ ಹೊಂದಿದರೆ ಮಾತ್ರ ತಡೆಯುವುದು. ಮಾರಾಟಗಾರರೂ ನಮಗೆ ಅದನ್ನೇ ಸೂಚಿಸಿದರು. ಕನ್ನಡದಲ್ಲಿ ಅದು ಎರಡು ಕಡೆ ಮುರಿದುಬಿತ್ತು. ಪದದ ಅಂಚನ್ನು ಗುರುತಿಸಲು ಬಹಳಷ್ಟು ತಂತ್ರಾಂಶಗಳು ಬಳಸುವ ಸೂತ್ರಕ್ಕೆ, ಉದಾಹರಣೆಗೆ ಜಾವಾಸ್ಕ್ರಿಪ್ಟಿನದಕ್ಕೆ, ರೋಮನ್ ಅಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ ಪದದ ಭಾಗ, ಕನ್ನಡ ಅಕ್ಷರ ಅದರ ಲೆಕ್ಕದಲ್ಲಿಲ್ಲ, ಹಾಗಾಗಿ ಕನ್ನಡ ಪದದ ಅಂಚೇ ಅದಕ್ಕೆ ಕಾಣದು. ಆ ಸೂತ್ರವನ್ನು ಸರಿಪಡಿಸಿದರೂ ನಮ್ಮ ಭಾಷೆಯಲ್ಲಿ ಬೈಗುಳಕ್ಕೂ ವಿಭಕ್ತಿ ಹತ್ತುತ್ತದೆ, ಬಹುವಚನ ಬರುತ್ತದೆ, ಸಂಧಿಯಾಗುತ್ತದೆ. ಇಡೀ ಪದವನ್ನೇ ಹುಡುಕುವ ಫಿಲ್ಟರಿಗೆ ‘ನಿಗೆ’, ‘ನನ್ನು’, ‘ಗಳಾ’ ಸೇರಿದ ಬೈಗುಳ ಹೊಸ ಪದವೇ. ಹೀಗಾಗಿ ಒಂದು ಗುಂಡಿ ಒತ್ತಿದರೆ ಶಿಕ್ಷಕಿಯ ಆಹ್ವಾನಪತ್ರ ನಿಲ್ಲುತ್ತಿತ್ತು, ಇನ್ನೊಂದು ಒತ್ತಿದರೆ ನಿಜವಾದ ಬೈಗುಳ ನಿರಾಯಾಸವಾಗಿ ಒಳಬರುತ್ತಿತ್ತು.

ಆಮೇಲೆ ಬಂದವು ಹೆಸರುಗಳು. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರಾವರಿಯ ಬಗ್ಗೆ ಬರೆದವರಿಗೆ ತಡೆ. 12ನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವನ, ನಮಗೆ ಉಳಿದಿರುವ ಒಂದೇ ಒಂದು ವಚನವನ್ನು ಚರ್ಚಿಸಹೊರಟವರಿಗೆ ತಡೆ. ತನ್ನ ಕಸುಬನ್ನು ಹೆಸರಿನಲ್ಲೇ ಹೊತ್ತು ಶರಣರ ಸಾಲಿನಲ್ಲಿ ನಿಂತ ಹೆಣ್ಣಿನ ಮಾತು ಎಂಟು ಶತಮಾನ ದಾಟಿ ಬಂದು ನಮ್ಮ ಪುಟದಲ್ಲಿ ಅಳಿಸಿಹೋಗಿದ್ದು ನನಗೆ ಇಂದಿಗೂ ಸಹಿಸಲಾಗದ ಸಂಗತಿ. ಮಹಾರಾಷ್ಟ್ರದ ಉಪಮುಖ್ಯಮಂತ್ರಿಯಾಗಿದ್ದ ಗೋಪೀನಾಥ ಮುಂಡೆ ಅವರ ಹೆಸರಿಗೂ ತಡೆ, ಏಕೆಂದರೆ ಮರಾಠಿಯ ಗೌರವದ ಅಡ್ಡಹೆಸರು ಕನ್ನಡದ ಪಟ್ಟಿಯಲ್ಲಿ ವಿಧವೆಯರನ್ನು ಹಳಿಯುವ ಪದವಾಗಿ ಕುಳಿತಿತ್ತು. ಇದರ ತಿರುವುಮುರುವೂ ಆಯಿತು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ‘ಹುಬ್ಬಳ್ಳಿ ಗಂಡು ಮೆಟ್ಟಿದ ನಾಡು’ ಎಂದು ಒಬ್ಬ ಹುಡುಗ ಅಭಿಮಾನದಿಂದ ಬರೆದರೆ, ರೋಮನ್ ಲಿಪಿಯ ‘ಗಂಡು’ ಹಿಂದಿಯ ಬೈಗುಳವಾಗಿ ಕಂಡು ಅವನ ಖಾತೆಯೇ ಸ್ಥಗಿತವಾಯಿತು.

ನಿಜವಾಗಿ ಬೈಯಬೇಕೆಂದವರಿಗೆ ಯಾವ ಅಡ್ಡಿಯೂ ಆಗಲಿಲ್ಲ. ಅನುಸ್ವಾರದ ಬದಲು ಅದೇ ರೂಪದ ಕನ್ನಡ ಸೊನ್ನೆ ಒತ್ತಿದರೆ ಸಾಕು. ಕನ್ನಡದಂತೆಯೇ ಕಾಣುವ ತೆಲುಗು ಅಕ್ಷರವನ್ನು ತಂದಿಟ್ಟರೂ ಸಾಕು, ಯೂನಿಕೋಡಿನಲ್ಲಿ ಅದರ ಸಂಖ್ಯೆಯೇ ಬೇರೆ. ಕಣ್ಣಿಗೆ ಕಾಣದ, ಒತ್ತಕ್ಷರ ಬಿಡಿಸಲು ಬಳಸುವ ಚಿಹ್ನೆಯನ್ನು ನಡುವೆ ತೂರಿಸಿದರೂ ಓದುಗನಿಗೆ ಅದೇ ಪದ, ಫಿಲ್ಟರಿಗೆ ಬೇರೆ ಪದ.

ಯಂತ್ರ ಅಂಕ ಕೊಡುವ ಸೇವೆಯನ್ನು ಉಚಿತ ಅವಧಿಯಲ್ಲಿ ಮಾತ್ರ ನೋಡಿದೆವು. ಬರಹ ಎಷ್ಟು ಕಟುವಾಗಿದೆ ಎಂಬುದಕ್ಕೆ ಅದು 0ಯಿಂದ 1ರ ನಡುವೆ ಒಂದು ಅಂಕ ಕೊಡುತ್ತದೆ. 2017ರಲ್ಲಿ ಗೂಗಲ್‌ನ ಜಿಗ್ಸಾ ವಿಭಾಗ ಹೊರತಂದ ಪರ್ಸ್‌ಪೆಕ್ಟಿವ್ ಈ ಬಗೆಯಲ್ಲಿ ಪ್ರಸಿದ್ಧ, ಅದರ ಭಾಷೆಗಳಲ್ಲಿ ಹಿಂದಿ ಸೇರಿತು, ಕನ್ನಡ ಸೇರಲಿಲ್ಲ. ಕನ್ನಡ, ತಮಿಳು, ಮಲಯಾಳಂ ಮಿಶ್ರ ಬರಹದಲ್ಲಿ ನಿಂದನೆಯನ್ನು ಗುರುತಿಸುವ ಸಂಶೋಧನಾ ಸ್ಪರ್ಧೆಯೊಂದು 2021ರಲ್ಲಿ ನಡೆದಿದೆ, ಅದಕ್ಕೆ ಬಳಸಿದ್ದು ಯೂಟ್ಯೂಬಿನ ಅಭಿಪ್ರಾಯಗಳನ್ನು. ಮುಂದೆ ಈ ದಾರಿ ಸುಧಾರಿಸಬಹುದು.

ಆದರೆ ನಮ್ಮ ಕೂಟದಲ್ಲಿ ಅತಿ ಹೆಚ್ಚು ನೋವು ಕೊಟ್ಟ ವಾಕ್ಯಕ್ಕೆ ಆ ಸೇವೆ ಕೊಟ್ಟ ಅಂಕ ಸೊನ್ನೆಯ ಆಸುಪಾಸು. ‘ನಿನ್ನದು ಕನ್ನಡವೇ ಅಲ್ಲ, ಮೊದಲು ಕಲಿತು ಬಾ.’ ಮರಾಠಿ ಶಾಲೆಯಲ್ಲಿ ಓದಿ, ಅಜ್ಜಿಯಿಂದ ಕನ್ನಡ ಕಲಿತು, ಮೊದಲ ಸಲ ಕನ್ನಡ ಲಿಪಿಯಲ್ಲಿ ನಾಲ್ಕು ಸಾಲು ಬರೆದ ಹುಡುಗಿಗೆ ಬಂದ ಉತ್ತರ ಅದು. ಅದರಲ್ಲಿ ಒಂದೂ ಕೆಟ್ಟ ಪದವಿಲ್ಲ. ಯಾವ ಪಟ್ಟಿಗೂ ಅದು ಸಿಗುವುದಿಲ್ಲ. ಹೊರನಾಡಿನಲ್ಲಿ ಕನ್ನಡ ಉಳಿಯಬೇಕಾದರೆ ತಡೆಯಬೇಕಾದದ್ದು ಇಂಥ ಮಾತನ್ನೇ.

ಅದನ್ನು ಹಿಡಿದದ್ದು ಮನುಷ್ಯರು. ಈಗ ನಾವು 2013ರಲ್ಲಿ ಬಂದ ಡಿಸ್‌ಕೋರ್ಸ್ ಎಂಬ, ಚರ್ಚಾತಾಣ ನಡೆಸುವ ಮುಕ್ತ ತಂತ್ರಾಂಶ ಬಳಸುತ್ತೇವೆ. ತಂತ್ರಾಂಶಕ್ಕೆ ಹಣವಿಲ್ಲ, ಸರ್ವರಿನ ಬಾಡಿಗೆ ಮಾತ್ರ. ಸದಸ್ಯರ ವಿಶ್ವಾಸಕ್ಕೆ ಅಲ್ಲಿ 0ಯಿಂದ 4ರವರೆಗೆ ಹಂತಗಳಿವೆ. ಹೊಸಬರ ಮೊದಲ ಬರಹ ಒಪ್ಪಿಗೆಗೆ ಕಾಯುವಂತೆ ಮಾಡಿದ್ದೇವೆ, ಓದಿ ಬರೆದು ಬೆರೆತ ಹಾಗೆ ಸ್ವಾತಂತ್ರ್ಯ ಹೆಚ್ಚುತ್ತದೆ. ಪದಪಟ್ಟಿ ಇಲ್ಲಿಯೂ ಇದೆ, ಚಿಕ್ಕದು. ಅದು ಯಾರ ಬರಹವನ್ನೂ ಅಳಿಸುವುದಿಲ್ಲ, ಮಾಡರೇಟರ್‌ಗೆ ‘ಇದನ್ನು ನೋಡಿ’ ಎಂದಷ್ಟೇ ತಿಳಿಸುತ್ತದೆ.

ಮೂವರು ಮಾಡರೇಟರುಗಳಲ್ಲಿ ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಉಡುಪಿಯವರು, ಒಬ್ಬಳು ಡೊಂಬಿವಲಿಯಲ್ಲೇ ಹುಟ್ಟಿದವಳು. ಈ ಮಿಶ್ರಣ ಬೇಕೇ ಬೇಕು. ಧಾರವಾಡದ ಗೆಳೆಯರು ಪ್ರೀತಿಯಿಂದ ‘ಲೇ’ ಎಂದರೆ ಕರಾವಳಿಯವರು ಅದನ್ನು ತಿರಸ್ಕಾರವೆಂದು ಓದುತ್ತಾರೆ. ಬರಹ ತೆಗೆದರೆ ಕಾರಣವನ್ನು ಖಾಸಗಿಯಾಗಿ ತಿಳಿಸಿ, ತಿದ್ದಿ ಮತ್ತೆ ಹಾಕಲು ಹೇಳುತ್ತೇವೆ. ಹುಡುಗಿಯನ್ನು ಹೀಗಳೆದ ಹಿರಿಯರಿಗೂ ಹಾಗೆಯೇ ಬರೆದೆವು. ಅವರು ಸಾಲನ್ನು ತೆಗೆದು ಅವಳ ಕಾಗುಣಿತ ತಿದ್ದಿಕೊಟ್ಟರು.

ಕೊರತೆ ಇದೆ. ರಾತ್ರಿ ಹತ್ತಿದ ಜಗಳ ಬೆಳಗಿನ ಲೋಕಲ್ ರೈಲಿನಲ್ಲಿ ಯಾರಾದರೂ ಮೊಬೈಲ್ ತೆರೆಯುವವರೆಗೆ ಹಾಗೆಯೇ ಉರಿಯುತ್ತದೆ. 2021ರಲ್ಲಿ ಬಂದಾಗ ಐಟಿ ನಿಯಮಗಳು ತಾಣಗಳ ಬಳಕೆದಾರರ ಸಾಮಾನ್ಯ ದೂರನ್ನು 24 ಗಂಟೆಯೊಳಗೆ ಸ್ವೀಕರಿಸಿ 15 ದಿನಗಳಲ್ಲಿ ಪರಿಹರಿಸಬೇಕೆಂದಿದ್ದವು. ನಾವು 24 ಗಂಟೆಯೊಳಗೇ ತೀರ್ಮಾನ ಕೊಡುವ ನಿಯಮ ಮಾಡಿಕೊಂಡಿದ್ದೇವೆ. ಕೆಟ್ಟದ್ದನ್ನೇ ಓದುವ ಕೆಲಸ ಮನಸ್ಸನ್ನು ಕೆಡಿಸುತ್ತದೆ ಎಂಬುದೂ ನಿಜ, 2020ರಲ್ಲಿ ಫೇಸ್‌ಬುಕ್ ತನ್ನ ಅಮೆರಿಕದ ಮಾಡರೇಟರುಗಳ ಮಾನಸಿಕ ಹಾನಿಗೆ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ನಮ್ಮಲ್ಲಿ ಸರದಿ ತಿಂಗಳಿಗೊಮ್ಮೆ ಬದಲಾಗುತ್ತದೆ.

ನಿಮ್ಮದು ಸಾವಿರಾರು ಅಪರಿಚಿತರು ಇಂಗ್ಲಿಷಿನಲ್ಲಿ ಬರೆಯುವ ತಾಣವಾದರೆ ಫಿಲ್ಟರ್ ಕೊಂಡುಕೊಳ್ಳಿ, ಅಷ್ಟನ್ನು ಮೂವರು ಓದಲಾರರು. ನಾವು ಕೆಲವು ನೂರು ಜನ, ಹಣ ಕಡಿಮೆ, ಒಬ್ಬರನ್ನೊಬ್ಬರು ಮಾಟುಂಗದ ಮಾರುಕಟ್ಟೆಯಲ್ಲಿ ಎದುರಾಗುವವರು, ದಿನಕ್ಕೆರಡು ಬಾರಿ ರೈಲಿನಲ್ಲಿ ಕುಳಿತು ಓದುವ ಅಭ್ಯಾಸವುಳ್ಳವರು. ಫಿಲ್ಟರಿನ ಚಂದಾ ನವೀಕರಿಸಿಲ್ಲ. ಆ ಹಣದಲ್ಲಿ ಸರ್ವರಿನ ಬಾಡಿಗೆ ಕಟ್ಟಿ, ಉಳಿದುದರಲ್ಲಿ ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸುವ ಭಾನುವಾರದ ತರಗತಿ ನಡೆಸುತ್ತಿದ್ದೇವೆ.