8 ಮಿ.ಮೀ. ಗನ್‌ಡ್ರಿಲ್: ಎರಡು ವರ್ಷ ಬಳಸಿದ ಮೇಲೆ

ಉಕ್ಕಿನ ಅಚ್ಚುಗಳಲ್ಲಿ ತಂಪುನೀರು ಹರಿಯುವ ತೂತುಗಳನ್ನು ಕೊರೆಯುವುದು ನನ್ನ ಕೆಲಸ. 320 ಮಿ.ಮೀ. ಆಳದ ತೂತನ್ನು ಮೊದಲು ಉದ್ದನೆಯ ಟ್ವಿಸ್ಟ್ ಡ್ರಿಲ್‌ನಿಂದ, ಹತ್ತಾರು ಬಾರಿ ಹೊರಗೆಳೆದು ಲೋಹದ ಸಿಪ್ಪೆ ಕೊಡವುತ್ತ, ಎರಡೂ ಬದಿಯಿಂದ ಕೊರೆಯುತ್ತಿದ್ದೆ. ನಡುವೆ ಎರಡೂ ನೆಟ್ಟಗೆ ಕೂಡಿದ ದಿನ ಅಪರೂಪ.

ಆಳದ ತೂತಿಗೆಂದೇ ಮಾಡಿದ, ಒಳಗೆ ಕೂಲೆಂಟ್ (ತಂಪುದ್ರವ) ಹರಿಯುವ ಉದ್ದನೆಯ ಗನ್‌ಡ್ರಿಲ್ ಬಂದ ಮೇಲೆ ನನಗೊಂದು ಕ್ರಮ ರೂಢಿಯಾಗಿದೆ. ಮೊದಲು ಡ್ರಿಲ್‌ಗೆ ದಾರಿ ತೋರುವ 16 ಮಿ.ಮೀ. ಆಳದ ಪೈಲಟ್ ತೂತನ್ನು 8.02 ಮಿ.ಮೀ. ಅಗಲಕ್ಕೆ ರೀಮ್ ಮಾಡಿ (ನಯವಾಗಿ ಹೆರೆದು), ಡ್ರಿಲ್ ಹಿಡಿದ ಸ್ಪಿಂಡಲನ್ನು ತೀರಾ ನಿಧಾನವಾಗಿ ತಿರುಗಿಸುತ್ತ ತುದಿಯನ್ನು ಅದರೊಳಗೆ ಇಳಿಸುತ್ತೇನೆ. ಕೂಲೆಂಟ್ ಹರಿಯತೊಡಗಿದ ಮೇಲಷ್ಟೇ ವೇಗವನ್ನು ನಿಮಿಷಕ್ಕೆ 2,800 ಸುತ್ತುಗಳಿಗೆ ಏರಿಸುತ್ತೇನೆ, ಏಕೆಂದರೆ ಇಷ್ಟುದ್ದದ ಡ್ರಿಲ್ ಆಸರೆಯಿಲ್ಲದೆ ಆ ವೇಗದಲ್ಲಿ ತಿರುಗಿದರೆ ಚಾಟಿಯಂತೆ ಬೀಸಿ ಮುರಿಯುತ್ತದೆ. ಒಂದೊಂದು ಸುತ್ತಿಗೂ 0.03 ಮಿ.ಮೀ. ಮುಂದೆ ಹೋಗುತ್ತ, ಒಮ್ಮೆಯೂ ಹೊರಗೆಳೆಯದೆ, ನಾಲ್ಕು ನಿಮಿಷದೊಳಗೆ ತೂತು ಮುಗಿಯುತ್ತದೆ. ಜಾಲರಿಯ ಮೇಲೆ ಬಿದ್ದ ಸಿಪ್ಪೆ ಅಲ್ಪವಿರಾಮದಂತೆ ಚಿಕ್ಕದಾಗಿ ಸುರುಳಿಯಾಗಿದ್ದರೆ ನೆಮ್ಮದಿ. ಉದ್ದನೆಯ ಎಳೆ ಕಂಡರೆ ಯಂತ್ರ ನಿಲ್ಲಿಸುತ್ತೇನೆ. ಒಂದು ತುದಿಗೆ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ನೋಡಿದಾಗ ಒಳಗೋಡೆ ರೀಮರ್ ಆಡಿಸಿದಷ್ಟು ನಯವಾಗಿರುತ್ತದೆ, ಓರೆಯೂ 0.3 ಮಿ.ಮೀ. ದಾಟಿಲ್ಲ.

ಇಷ್ಟೆಲ್ಲ ಹೊಗಳುವ ಮುನ್ನ ನಾನು ಎರಡು ಡ್ರಿಲ್ ಮುರಿದಿದ್ದೆ. ಮಾರಿದವರು ಬೆಲೆ ಹೇಳಿದರೇ ಹೊರತು, ನನ್ನ ಯಂತ್ರದ ಕೂಲೆಂಟ್ ಪಂಪಿನ 20 ಬಾರ್ ಒತ್ತಡ ಸಾಲದೆಂದು ಹೇಳಲಿಲ್ಲ. ಡ್ರಿಲ್‌ನ ಒಳರಂಧ್ರದಿಂದ ನುಗ್ಗುವ ಕೂಲೆಂಟೇ ಸಿಪ್ಪೆಯನ್ನು ಡ್ರಿಲ್‌ನ ಮೈಮೇಲಿನ ವಿ ಆಕಾರದ ತೋಡಿನಲ್ಲಿ ಹಿಂದಕ್ಕೆ ತಳ್ಳಬೇಕು. ಒತ್ತಡ ಸಾಲದೆ, 180 ಮಿ.ಮೀ. ಆಳದಲ್ಲಿ ಸಿಪ್ಪೆ ತುಂಬಿಕೊಂಡು ಡ್ರಿಲ್ ಕಚ್ಚಿಕೊಂಡಿತು. 60 ಬಾರ್‌ನ ಪಂಪು ಮತ್ತು 20 ಮೈಕ್ರಾನ್ ಫಿಲ್ಟರ್‌ಗೆ ತಗಲಿದ ಖರ್ಚಿನ ಮುಂದೆ ಡ್ರಿಲ್‌ನ ಬೆಲೆ ಲೆಕ್ಕಕ್ಕೇ ಇಲ್ಲ. ಸಾಣೆಯದು ಇನ್ನೊಂದು ಕಿರಿಕಿರಿ: ಒಂದೇ ಅಲಗಿನ ಆ ಕಾರ್ಬೈಡ್ ತುದಿಯ ಮೊನೆ ನಡುಮಧ್ಯದಲ್ಲಿರದೆ ಪಕ್ಕಕ್ಕೆ ಸರಿದಿರುವುದರಿಂದ, ಸರಿಯಾದ ಕೋನದಲ್ಲಿ ಹಿಡಿದಿಡುವ ಫಿಕ್ಸ್ಚರ್ ಇಲ್ಲದೆ ಬರಿಗೈಯಲ್ಲಿ ಸಾಣೆ ಹಿಡಿಯಲಾಗದು.

ತಿಂಗಳಿಗೆ ನಾಲ್ಕಾರು ತೂತು ಮಾತ್ರ ಬೇಕಾದವರು ಹೊರಗೆ ಕೊಟ್ಟು ಮಾಡಿಸಿಕೊಳ್ಳುವುದೇ ಲೇಸು. ನನಗೆ ದಿನಕ್ಕೆ ಹತ್ತಾದರೂ ಬೀಳುತ್ತವೆ. ಮೂರನೆಯ ಡ್ರಿಲ್ ಐದು ಸಾಣೆ ಕಂಡು ಇನ್ನೂ ಕೊರೆಯುತ್ತಿದೆ. ನಾಲ್ಕನೆಯದು ಪೆಟ್ಟಿಗೆ ಬಿಚ್ಚದೆ ಕಪಾಟಿನಲ್ಲಿದೆ.